ತಾಲೀಮಿನಲ್ಲಿ ಹೇಳಬಾರದ ಮಾತು

ವುಸ್ಟರ್,
1885 ಅಕ್ಟೋಬರ್ 12

ಶ್ರೀಮತಿ ಕ್ರೂಮ್ ಅವರಿಗೆ,

"…ಇನ್ನು ಬಾಗಿಲು ಹಾಕಬಹುದು."

ಹೀಗೇ ಇತ್ತೆ ಆ ಸಾಲು? "ಹಾಕಬಹುದು" ಎಂದಿತ್ತೋ, "ಹಾಕಿಬಿಡಿ" ಎಂದಿತ್ತೋ? ಅದಕ್ಕೂ ಮೊದಲು ಇನ್ನೊಂದು ಮಾತಿತ್ತು. ಆ ಮಾತು ಮುಗಿಸಿ, ಮೂರೆಣಿಸುವಷ್ಟು ಹೊತ್ತು ನಿಂತು, ಆಮೇಲೆ ಬಾಗಿಲಿನ ಮಾತು ಹೇಳಬೇಕೆಂದು ನೀವು ಕಲಿಸಿದ್ದಿರಿ. ನಿಲ್ಲಬೇಕಾದ ಜಾಗ ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಮೊದಲಿನದು ಹೊರಟುಹೋಗಿದೆ.

ಹತ್ತೊಂಬತ್ತು ವರ್ಷಗಳ ನಂತರ ಬರೆಯುವ ಕಾಗದ ಕುಶಲ ಪ್ರಶ್ನೆಯಿಂದ ಆರಂಭವಾಗಬೇಕಿತ್ತು. ನನಗೆ ಬರಲಿಲ್ಲ. ನೀವು ಬದುಕಿದ್ದೀರಿ ಎಂದು ತಿಳಿದದ್ದೇ ಈ ಏಪ್ರಿಲಿನಲ್ಲಿ. ನನ್ನನ್ನು ಸಾಕಿದ ಓಕ್ಸ್ ಅತ್ತೆ ತೀರಿಕೊಳ್ಳುವ ಎರಡು ದಿನ ಮೊದಲು, ಬಟಾಣಿ ಬೀಜದ ಪೊಟ್ಟಣದ ಹಿಂದೆ ನಿಮ್ಮ ವಿಳಾಸ ಬರೆದು ಕೈಗೆ ಕೊಟ್ಟರು. "ಉಪಯೋಗಿಸಲೇಬೇಕು ಅಂತೇನಿಲ್ಲ" ಎಂದರು. ಉಪಯೋಗಿಸದೇ ಇರೋಣ ಎಂದುಕೊಂಡಿದ್ದೆ. ಇಲ್ಲಿ ಎಲ್ಲರಿಗೂ ನನ್ನ ತಾಯಿ ಹಡಗಿನಲ್ಲಿ ಜ್ವರ ಬಂದು ಸತ್ತಳೆಂದೇ ಗೊತ್ತು. ನಾನು ಈ ಹೆಣ್ಣುಮಕ್ಕಳ ಶಾಲೆಯಲ್ಲಿ ಆರು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಓಕ್ಸ್ ಎಂಬ ಹೆಸರಿನಲ್ಲಿ.

ಕಳೆದ ಗುರುವಾರ ನಡೆದದ್ದನ್ನು ಹೇಳುತ್ತೇನೆ. ಕ್ರಿಸ್‌ಮಸ್‌ಗೆಂದು ಮಕ್ಕಳಿಂದ ಪುಟ್ಟ ನಾಟಕವೊಂದನ್ನು ಆಡಿಸುತ್ತಿದ್ದೆವು. ಬೇಡವೆಂದಿದ್ದೆ, ಮುಖ್ಯೋಪಾಧ್ಯಾಯಿನಿ ಮಿಸ್ ಥ್ವೇಟ್ ಕೇಳಲಿಲ್ಲ. ಅಗಾಥಾ ಫಿಂಚ್ ಎಂಬ ಹನ್ನೊಂದು ವರ್ಷದ ಹುಡುಗಿ, ತಾಲೀಮು ಮುಗಿಯುತ್ತ ಬಂದಾಗ, ಬೆಂಚಿನ ಮೇಲೆ ಹತ್ತಿ ನಿಂತು ಆಟದ ಕೊನೆಯ ಸಾಲನ್ನು ನಗುನಗುತ್ತ ಜೋರಾಗಿ ಹೇಳಿದಳು. ನಾನು ಅವಳ ಕೆನ್ನೆಗೆ ಹೊಡೆದೆ. ಹೊಡೆಯಬೇಕೆಂದು ನಾನು ಯೋಚಿಸಲೇ ಇಲ್ಲ. ಕೈಯೇ ಎದ್ದಿತು. ಮಗು ಅಳಲಿಲ್ಲ, "ನಾನು ತಪ್ಪು ಹೇಳಿದ್ನಾ ಮಿಸ್?" ಎಂದು ಕೇಳಿತು.

ಅವಳು ಒಂದಕ್ಷರವೂ ತಪ್ಪು ಹೇಳಿರಲಿಲ್ಲ.

ಮಿಸ್ ಥ್ವೇಟ್ ನನ್ನನ್ನು ಚಿಕ್ಕ ಮಕ್ಕಳ ತರಗತಿಯಿಂದ ತೆಗೆದಿದ್ದಾರೆ. ಕ್ರಿಸ್‌ಮಸ್ ರಜೆಯೊಳಗೆ ಮಗುವಿನ ಮನೆಯವರಿಗೆ ಕಾರಣ ಹೇಳಬೇಕು, ಇಲ್ಲವಾದರೆ ಜಾಗ ಬಿಡಬೇಕು. ಜಾಗದ ಚಿಂತೆ ದೊಡ್ಡದಲ್ಲ. ನನಗೆ ಆ ಕೈಯ ಭಯ.

ಹಲ್ ಪಟ್ಟಣದಲ್ಲಿ ಏಳು ವರ್ಷದವಳಾಗಿದ್ದಾಗ ನಾನೂ ಹೀಗೇ ನಮ್ಮ ನಾಟಕ ಕಂಪನಿಯ ತಾಲೀಮಿನಲ್ಲಿ ಕೊನೆಯ ಮಾತು ಹೇಳಿಬಿಟ್ಟೆ. ಮರುದಿನ ಕುಣಿಯುವ ಹುಡುಗಿ ಕ್ಲೆಮ್ಮಿ ಸುಟ್ಟುಕೊಂಡಳು. ವಾರದೊಳಗೆ ನೀವು ನನ್ನನ್ನು ರೈಲು ಹತ್ತಿಸಿದಿರಿ. ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು ನಾನು ಬೆಳೆದಿದ್ದೇನೆ. ಕ್ಲೆಮ್ಮಿ ನನ್ನಿಂದ ಸತ್ತಳೆಂದು ನೀವು ನಂಬಿದ್ದಿರಾ? ಅದಕ್ಕೇ ಕಳಿಸಿದಿರಾ? ಹೌದಾದರೆ ಹೌದು ಎನ್ನಿ. ಮತ್ತು ಆ ಸಾಲನ್ನು ಪೂರ್ತಿ ಬರೆದು ಕಳಿಸಿ. ಯಾವ ಮಾತಿಗಾಗಿ ಇಷ್ಟೆಲ್ಲ ಆಯಿತೋ ಅದನ್ನಾದರೂ ನಾನು ತಿಳಿದಿರಬೇಕು.

ಇತಿ,
ಹೆಸ್ಟರ್ ಓಕ್ಸ್


ಲ್ಯಾಂಬೆತ್, ಲಂಡನ್
1885 ಅಕ್ಟೋಬರ್ 19

ನನ್ನ ಹೆಸ್ಟರ್,

ಅಕ್ಷರ ನೋಡಿ ಗಾಬರಿಯಾಗಬೇಡ. ಕುಡಿದು ಬರೆದದ್ದಲ್ಲ. ಮೂವತ್ತು ವರ್ಷ ಮುಖಕ್ಕೆ ಬಳಿದುಕೊಂಡ ಸೀಸದ ಬಿಳಿಯ ವಿಷ ಈಗ ಕೈಗೆ ಇಳಿದಿದೆಯಂತೆ. ಮಣಿಕಟ್ಟು ಎತ್ತಿದರೆ ಏಳುವುದಿಲ್ಲ, ಒದ್ದೆ ಕೈಗವಸಿನ ಹಾಗೆ ಜೋತುಬೀಳುತ್ತದೆ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಬರೆಯುತ್ತಿದ್ದೇನೆ. ಡಾಕ್ಟರು, "ಬಿಳಿ ಹಚ್ಚೋದು ಯಾವಾಗ್ಲೋ ನಿಲ್ಲಿಸಬೇಕಿತ್ತಲ್ಲಮ್ಮಾ" ಅಂದರು. "ನಿಲ್ಲಿಸಿದ್ರೆ ನಲವತ್ತು ವರ್ಷದ ಹೆಂಗಸನ್ನ ಹದಿನೆಂಟರ ರಾಜಕುಮಾರಿ ಅಂತ ನೀವು ಟಿಕೆಟ್ ತಗೊಂಡು ನೋಡ್ತಿದ್ರಾ ಡಾಕ್ಟ್ರೇ?" ಅಂದೆ. ನಕ್ಕರು. ಅವರೂ ಹಿಂದಿನ ಬೆಂಚಿನಲ್ಲಿ ಕೂತು ಶಿಳ್ಳೆ ಹೊಡೆದವರೇ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳಲಾರೆ. ನೀನು ಪಾಠ ಹೇಳುವವಳಾಗಿದ್ದೀ. ನನ್ನ ಕಣ್ಣಲ್ಲಿ ನೀನಿನ್ನೂ ಮುಂದಿನ ಎರಡು ಹಲ್ಲಿಲ್ಲದವಳು.

ಸಾಲು ಕೇಳಿದ್ದೀ. ಬರೆಯಲಾರೆ ಮಗಳೇ. ನಮ್ಮ ಕಟ್ಟಳೆ ನಿನಗೆ ನೆನಪಿದೆಯಲ್ಲ: ನಾಟಕದ ಕೊನೆಯ ಮಾತನ್ನು ಜನರೆದುರು ಮೊದಲ ಆಟವಾಗುವವರೆಗೆ ಬಾಯಿಬಿಟ್ಟು ಆಡುವಂತಿಲ್ಲ. ತಾಲೀಮಿನಲ್ಲಿ ಅದರ ಜಾಗಕ್ಕೆ ಒಂದು, ಎರಡು, ಮೂರು ಅಂತ ಎಣಿಸಿ ಮುಗಿಸಬೇಕು. ಕ್ಲೆಮ್ಮಿ ಸುಟ್ಟುಕೊಂಡ ದಿನ ಎರಡನೇ ಅಂಕದಲ್ಲೇ ಪರದೆ ಬಿತ್ತು. ನಿನ್ನ ಸಾಲಿನ ಸರದಿ ಬರಲೇ ಇಲ್ಲ. ಆ ನಾಟಕವನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಅಂದರೆ ಆ ಮಾತಿಗೆ ಮೊದಲ ಆಟ ಇನ್ನೂ ಆಗಿಲ್ಲ. ನಗುತ್ತೀಯೇನೋ. ನಲವತ್ತೈದು ವರ್ಷ ರಂಗದ ಹಲಗೆಗಳ ಮೇಲೆ ನಡೆದವಳು ನಾನು, ಕೆಲವು ಭಯಗಳು ಹಿಮ್ಮಡಿಯಲ್ಲೇ ಕೂತುಬಿಟ್ಟಿವೆ.

ಕ್ಲೆಮ್ಮಿಯದು ಅಪಘಾತ. ವಿಚಾರಣೆಯಲ್ಲಿ ಹಾಗೇ ಬರೆದಿದ್ದಾರೆ.

ನಿನ್ನನ್ನು ಕಳಿಸಿದ್ದು ನಿನ್ನ ಒಳ್ಳೆಯದಕ್ಕೆ. ಕಂಪನಿಯ ಬದುಕು ಮಕ್ಕಳಿಗಲ್ಲ. ಓಕ್ಸ್ ಅತ್ತೆ ಹೊಟ್ಟೆಗೆ ಸರಿಯಾಗಿ ಹಾಕುತ್ತಿದ್ದರೇ? ಅವರು ಕೈ ಬಿಗಿ ಅಂತ ಕೇಳಿದ್ದೆ.

ನಿನ್ನ ತಾಯಿ,
ಲವೀನಿಯಾ ಕ್ರೂಮ್


ವುಸ್ಟರ್,
1885 ಅಕ್ಟೋಬರ್ 24

ಶ್ರೀಮತಿ ಕ್ರೂಮ್ ಅವರಿಗೆ,

ಕೈಯ ಸಂಗತಿ ಓದಿ ಬೇಸರವಾಯಿತು. ಉಣ್ಣೆಯ ಕೈಗವಸು ಹೆಣೆದು ಈ ಕಾಗದದ ಜೊತೆ ಕಳಿಸಿದ್ದೇನೆ. ಹೊಟ್ಟೆಗೆ ಸರಿಯಾಗಿ ಹಾಕುತ್ತಿದ್ದರು.

ನಾನು ಕೇಳಿದ ಎರಡು ಮಾತಿಗೂ ನೀವು ಉತ್ತರ ಕೊಡಲಿಲ್ಲ. "ನಿನ್ನ ಒಳ್ಳೆಯದಕ್ಕೆ" ಎನ್ನುವುದನ್ನು ನಾನು ದಿನಕ್ಕೆ ಹತ್ತು ಬಾರಿ ಮಕ್ಕಳಿಗೆ ಹೇಳುತ್ತೇನೆ. ಅದು ಉತ್ತರವಲ್ಲ ಎಂಬುದು ನನಗೆ ತಿಳಿದಿದೆ.

ನನಗೆ ನೆನಪಿರುವುದನ್ನು ಬರೆಯುತ್ತೇನೆ, ತಪ್ಪಿದ್ದಲ್ಲಿ ತಿದ್ದಿ. "ಜೌಗಿನ ಮನೆ" ಎಂಬುದು ನಾಟಕದ ಹೆಸರು. ನಾನು ದೋಣಿಯವನ ಮೊಮ್ಮಗಳು. ಸಾಲು ಮರೆತುಬಿಡುತ್ತೇನೆಂಬ ಭಯಕ್ಕೆ, ಒಂದೇ ಒಂದು ಸಲ ಅದು ಹೇಗೆ ಕೇಳಿಸುತ್ತದೆಂದು ನೋಡಲು, ಎಣಿಸುವ ಬದಲು ಅದನ್ನೇ ಹೇಳಿಬಿಟ್ಟೆ. ಎಲ್ಲರೂ ನಿಂತಲ್ಲೇ ನಿಂತರು. ಮುದುಕ ಟ್ರಸ್ಕಟ್ ನೆಲಕ್ಕೆ ಉಗುಳಿ, ಕೇಡು ಕಳೆಯಲೆಂದು ನನ್ನ ಭುಜ ಹಿಡಿದು ಮೂರು ಸುತ್ತು ತಿರುಗಿಸಿದ. ಕ್ಲೆಮ್ಮಿ ಮಾತ್ರ ನಕ್ಕಳು. "ಬಿಡ್ರಪ್ಪಾ, ಪಾಪ ಮಗು. ಮಗು ಹೇಳಿದ ಮಾತಿಗೆ ಮನೆ ಬಿದ್ದುಹೋಗುತ್ತಾ?" ಎಂದಳು.

ಮರುದಿನ ಮಧ್ಯಾಹ್ನದ ಆಟ. ನಾನು ಪಕ್ಕದ ಪರದೆಯ ಹಿಂದೆ ಪೆಟ್ಟಿಗೆಯ ಮೇಲೆ ಕೂತಿದ್ದೆ. ಕ್ಲೆಮ್ಮಿ ಬಿಳಿ ಮಸ್ಲಿನ್ ಉಟ್ಟು ಕುಣಿಯುತ್ತ ರಂಗದಂಚಿನಲ್ಲಿ ಉರಿಯುವ ದೀಪಗಳ ಸಾಲಿಗೆ ಹೋದಳು, ತಿರುಗಿದಳು, ಮತ್ತೆ ನನ್ನ ಕಡೆ ಓಡಿಬಂದಳು. ಕಿತ್ತಳೆ ಬಣ್ಣದ ಮಸ್ಲಿನ್ ಯಾವಾಗ ಹಾಕಿಕೊಂಡಳು ಎಂದು ನಾನು ಯೋಚಿಸುತ್ತಿದ್ದೆ. "ಬಾಗಿಲು ಹಾಕ್ರೋ, ಗಾಳಿ ಬರ್ತಿದೆ, ಬಾಗಿಲು ಹಾಕ್ರೋ!" ಎಂದು ಯಾರೋ ಕಿರುಚಿದರು. ನನ್ನ ಸಾಲನ್ನು ಅವರು ಯಾಕೆ ಹೇಳುತ್ತಿದ್ದಾರೆ ಎನಿಸಿತು.

ಮೂರನೆಯ ದಿನ ಅವಳು ಹೋದಳು. ಆಮೇಲೆ ಕಂಪನಿಯ ಯಾರೂ ನನ್ನ ಜೊತೆ ಒಂದೇ ಮೇಜಿಗೆ ಕೂರಲಿಲ್ಲ. ನೀವೂ ಕೂರಲಿಲ್ಲ. ಇನ್ನೊಂದು, ಅರ್ಥವಿಲ್ಲದ್ದು: ಆ ದಿನ ನನ್ನ ಬೆರಳುಗಳು ನೀಲಿಯಾಗಿದ್ದವು. ಯಾಕೆಂದು ತಿಳಿಯದು.

ದಯವಿಟ್ಟು ಉತ್ತರ ಕೊಡಿ.

ಹೆಸ್ಟರ್ ಓಕ್ಸ್


ಲ್ಯಾಂಬೆತ್,
1885 ನವೆಂಬರ್ 9

ಪ್ರೀತಿಯ ಹೆಸ್ಟರ್,

ಇದು ನಿನ್ನ ತಾಯಿಯ ಮಾತು, ಆದರೆ ಕೈ ಎದುರು ಮನೆಯ ಶ್ರೀಮತಿ ಡ್ಯಾಬ್ನಿಯದು. ನನ್ನ ಕೈ ಪೂರ್ತಿ ಹಟ ಹಿಡಿದಿದೆ. ನೀನು ಕಳಿಸಿದ ಕೈಗವಸನ್ನು ಇವಳೇ ತೊಡಿಸಿದಳು.

(ಡ್ಯಾಬ್ನಿ ನಾನು. ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ ಅಂತ ಬೈಬಲ್ ಮುಟ್ಟಿಸ್ಕೊಂಡಿದ್ದಾಳೆ ಕಣಮ್ಮ. ಆದ್ರೆ ನನ್ನ ಮಾತು ನಾನು ಬರ್ಕೋಬಾರ್ದು ಅಂತ ಮುಟ್ಟಿಸ್ಕೊಂಡಿಲ್ಲ. ಕೈಗವಸು ಹಾಕ್ಕೊಂಡೇ ಮಲಗ್ತಾಳೆ.)

ಡ್ಯಾಬ್ನಿ ಬಟ್ಟೆ ಹಿಂಡಿ ಇಸ್ತ್ರಿ ಮಾಡುವವಳು, ತೋಳು ಹಡಗಿನ ಹಗ್ಗದಂತಿದೆ. ಒಂದು ನಾಟಕವನ್ನೂ ನೋಡಿದವಳಲ್ಲ. ಚರ್ಚಿನವರು ಬೇಡ ಅಂದಿದ್ದಾರಂತೆ. ನನ್ನ ಪಕ್ಕ ಕೂತು ಗಂಜಿ ಕುಡಿಸಬಹುದೋ ಎಂದು ಅವರನ್ನು ಇವಳು ಕೇಳಿಲ್ಲ.

(ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ.)

ನೀನು ಬರೆದ ನೆನಪುಗಳಲ್ಲಿ ತಿದ್ದುವುದಕ್ಕೆ ಏನೂ ಇಲ್ಲ. ಟ್ರಸ್ಕಟ್ ಸತ್ತು ಹನ್ನೆರಡು ವರ್ಷವಾಯಿತು. ಸಾಯುವವರೆಗೂ ಹೊಸ ಊರಿಗೆ ಹೋದಾಗಲೆಲ್ಲ ನಿನ್ನ ಕತೆ ಹೇಳುತ್ತಿದ್ದ. ಕಂಪನಿಯ ಮಾಲೀಕ ಪಾರ್ಗಿಟರ್ ಕೂಡ ಹೇಳುತ್ತಿದ್ದ. "ಮಗು ಬಾಯಿ ಬಿಡ್ತು, ಬೆಂಕಿ ಕಿವಿಗೊಡ್ತು" ಎನ್ನುವುದು ಅವನ ಮಾತು. ಜನ ಆ ಮಾತಿಗೆ ತಲೆದೂಗುತ್ತಿದ್ದರು. ದೀಪಗಳ ಮುಂದೆ ಹಾಕಬೇಕಾಗಿದ್ದ ತಂತಿಯ ಜಾಲರಿ ಸಾಮಾನಿನ ಕೋಣೆಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು, ಕುಣಿಯುವವರ ಕಾಲ ಮೇಲೆ ನೆರಳು ಬೀಳುತ್ತದೆ ಅಂತ ಅವನು ಹಾಕಿಸಿರಲಿಲ್ಲ. ಆ ಕತೆಯಲ್ಲಿ ಜಾಲರಿಯ ಮಾತು ಬರುತ್ತಿರಲಿಲ್ಲ.

(ಹಾಗಾದ್ರೆ ನೀನು ಯಾಕೆ ಹೇಳಲಿಲ್ಲ ಅಂತ ಕೇಳ್ದೆ. ಮುಂದಿನ ಸಾಲು ಬರಿ ಅಂದ್ಲು.)

ನಾನು ಆ ಕಂಪನಿಯಲ್ಲೇ ಇನ್ನೂ ಆರು ವರ್ಷ ಇದ್ದೆ. ರಾಣಿಯರಿಂದ ತಾಯಂದಿರಿಗೆ, ತಾಯಂದಿರಿಂದ ಮಾಟಗಾತಿಯರಿಗೆ ಇಳಿದೆ. ಅದು ಎಲ್ಲರೂ ಇಳಿಯುವ ಮೆಟ್ಟಿಲೇ. ಲೀಡ್ಸ್‌ನಲ್ಲಿ ಒಮ್ಮೆ…

(ಲೀಡ್ಸ್ ಕತೆ ಒಂದೂವರೆ ಪುಟ ಹೇಳಿದ್ಲು. ನಾನು ಬರೀಲಿಲ್ಲ. ನೀನು ಕೇಳಿದ್ದು ಅದನ್ನಲ್ಲ. "ಲವೀನಿಯಾ, ಹುಡುಗಿ ಕೇಳಿದ್ದಕ್ಕೆ ಉತ್ತರ ಹೇಳೇ" ಅಂದೆ. "ನಿನ್ನ ಕೈಲಿ ಬರೆಸೋ ಮಾತಲ್ಲ ಅದು" ಅಂದ್ಲು. ನಂಗೆ ಕೋಪ ಬಂತು, ನಿಜ ಹೇಳ್ತೀನಿ. ದಿನಾ ಇವಳ ಬೆನ್ನು ತಿಕ್ಕೋಕೆ ಆಗುತ್ತೆ ನನ್ನ ಕೈ.)

ಚಳಿಯಲ್ಲಿ ಎದೆ ಬೆಚ್ಚಗಿಟ್ಟುಕೋ.

ನಿನ್ನ ತಾಯಿ,
ಲವೀನಿಯಾ
(ಬರೆದವಳು ಎಂ. ಡ್ಯಾಬ್ನಿ)


ವುಸ್ಟರ್,
1885 ನವೆಂಬರ್ 13

ಶ್ರೀಮತಿ ಕ್ರೂಮ್ ಅವರಿಗೆ,

ಶ್ರೀಮತಿ ಡ್ಯಾಬ್ನಿ ಬಟ್ಟೆಯ ಕೆಲಸದವರೆಂದು ಬರೆದಿದ್ದೀರಿ. ಅದನ್ನು ಓದಿದ ದಿನ ಶಾಲೆಯಲ್ಲಿ ಒಗೆತದ ದಿನ. ನಾನು ಒಗೆಯುವ ಕೋಣೆಯ ಮುಂದೆ ಹೋಗುವಾಗ ಕೆಲಸದ ಹೆಂಗಸು ಬಿಳಿ ಬಟ್ಟೆಗೆ ನೀಲಿ ಹಾಕುತ್ತಿದ್ದಳು. ಬಟ್ಟೆಯಲ್ಲಿ ಕಟ್ಟಿದ ನೀಲಿಯ ಗಂಟನ್ನು ನೀರಿನಲ್ಲಿ ಹಿಂಡುತ್ತಿದ್ದ ಅವಳ ಬೆರಳು ನೋಡಿದೆ.

ನನ್ನ ಬೆರಳು ಯಾಕೆ ನೀಲಿಯಾಗಿತ್ತು ಎಂದು ಈಗ ಗೊತ್ತು. ನಾನು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೆ. ನೀಲಿಯ ಗಂಟನ್ನು ನೀವು ನನ್ನ ಕೈಗೆ ಕೊಟ್ಟಿದ್ದಿರಿ. ನೀರಿನಲ್ಲಿದ್ದದ್ದು ಮಸ್ಲಿನ್. ಅದು ಯಾರದು? ಅದನ್ನು ಯಾಕೆ ಒಗೆಯುತ್ತಿದ್ದೆವು? ಹೊಸ ಬಟ್ಟೆಯಲ್ಲವೆ ಅದು?

ಬೇರೆಯವರ ಕೈಯಿಂದ ಬರೆಸಬೇಡಿ.

ಹೆಸ್ಟರ್


ಲ್ಯಾಂಬೆತ್,
1885 ನವೆಂಬರ್ 22, ಭಾನುವಾರ

ಹೆಸ್ಟರ್,

ಡ್ಯಾಬ್ನಿ ಚರ್ಚಿಗೆ ಹೋಗಿದ್ದಾಳೆ. ಅವಳ ಕೈಯಿಂದಲೇ ಕಾಲುಚೀಲದ ಪಟ್ಟಿಯಲ್ಲಿ ಲೇಖನಿಯನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡಿದ್ದೇನೆ. ಯಾಕೆಂದು ಕೇಳಲಿಲ್ಲ. ಎರಡು ಭಾನುವಾರ ಬೇಕಾಯಿತು ಇದನ್ನು ಬರೆಯಲು.

ಕ್ಲೆಮ್ಮಿಯ ಬಟ್ಟೆ ಅದು.

ಆ ವರ್ಷ ಬೇರೆ ಊರುಗಳಲ್ಲಿ ಹುಡುಗಿಯರು ಸುಟ್ಟುಕೊಂಡಿದ್ದರು. ಜನ ಮಾತಾಡುತ್ತಾರೆಂದು ಪಾರ್ಗಿಟರ್ ಕುಣಿಯುವವರ ಬಟ್ಟೆಗಳನ್ನೆಲ್ಲ ಪಟಿಕದ ನೀರಿನಲ್ಲಿ ಅದ್ದಿಸಿದ. ಪಟಿಕ ಹಿಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುವುದಿಲ್ಲ. ಹೊಲಿಗೆ, ಬಟ್ಟೆ ನೋಡಿಕೊಳ್ಳುವುದು ನನ್ನ ಪಾಲಿಗಿತ್ತು, ನಾನೇ ಅದ್ದಿದೆ. ಬಟ್ಟೆ ಹಳದಿ ತಿರುಗಿತು, ರಟ್ಟಿನಂತಾಯಿತು, ಕಂಕುಳು ಕೆರೆಯಿತು. ಕ್ಲೆಮ್ಮಿ ಬಂದು ಅತ್ತಳು. "ರೋಗಿ ಕೋಣೆ ಪರದೆ ಥರ ಕಾಣ್ತೀನಿ ಲವೀ. ನನ್ನನ್ನ ಮೊದಲ್ನೇ ಸಲ ಕುಣಿಯೋರ ಸಾಲಿನ ಮುಂದೆ ನಿಲ್ಲಿಸಿದಾರೆ. ನಿನ್ನ ದಮ್ಮಯ್ಯ." ಅವಳಿಗೆ ಹತ್ತೊಂಬತ್ತು. ನಾನು ಹತ್ತೊಂಬತ್ತರಲ್ಲಿ ಸಾಲಿನ ಮುಂದೆ ನಿಂತದ್ದು ನೆನಪಾಯಿತು. ಆಟದ ದಿನ ಬೆಳಿಗ್ಗೆ ಮೂರು ನೀರಿನಲ್ಲಿ ಜಾಲಿಸಿ ಪಟಿಕ ತೆಗೆದೆ. ನೀಲಿ ಹಾಕಿದೆ, ತೆಳ್ಳಗೆ ಗಂಜಿ ಹಾಕಿದೆ, ಒಲೆಯ ಮುಂದೆ ಒಣಗಿಸಿ ಇಸ್ತ್ರಿ ಮಾಡಿದೆ. ನೀಲಿಯ ಗಂಟು ನೀನು ಹಿಂಡಿದೆ. ಅಂಥ ಬಿಳಿ ನಾನು ಮತ್ತೆ ನೋಡಲಿಲ್ಲ. ಅವಳು ಅದನ್ನು ಉಟ್ಟು ತಿರುಗಿದಾಗ ನನಗೆ ಹೆಮ್ಮೆಯಾಯಿತು, ಹೆಸ್ಟರ್. ಅದನ್ನೂ ಬರೆಯಬೇಕು.

ವಿಚಾರಣೆಯಲ್ಲಿ ಕೇಳಿದರು: "ಬಟ್ಟೆಯನ್ನ ಪಟಿಕದ ನೀರಲ್ಲಿ ಅದ್ದಿತ್ತೇನಮ್ಮಾ?"

"ಅದ್ದಿತ್ತು ಸ್ವಾಮಿ. ನಾನೇ ಅದ್ದಿದ್ದು."

ಮುಂದಿನದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅದ್ದಿದ್ದ ಬಟ್ಟೆಯೂ ಸುಟ್ಟಿತು ಅಂದಮೇಲೆ ಯಾರದೂ ತಪ್ಪಿಲ್ಲವೆಂದು ಬರೆದುಕೊಂಡರು. ಆದರೆ ಜನಕ್ಕೆ ಒಂದು ಕಾರಣ ಬೇಕಿತ್ತು. ಟ್ರಸ್ಕಟ್ ನಿನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ತಟ್ಟೆಯ ಕಡೆ ನೋಡಿದೆ. ಏಳು ವರ್ಷದ ಮಗುವನ್ನು ಯಾರು ಏನು ಮಾಡುತ್ತಾರೆ, ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ ಅಂದುಕೊಂಡೆ.

ಅಪಶಕುನದವಳು ಅಂತ ನಿನ್ನನ್ನು ಕಳಿಸಲಿಲ್ಲ. ನೀನು ಬಕೆಟ್ಟಿನ ಪಕ್ಕ ಕೂತಿದ್ದೆ, ಅದಕ್ಕೇ ಕಳಿಸಿದೆ. ತಾಲೀಮಿನಲ್ಲಿ ಹೇಳಬಾರದ ಮಾತನ್ನೇ ಹೇಳಿದವಳು, ನೀಲಿಯ ಮಾತನ್ನು ಒಂದಲ್ಲ ಒಂದು ದಿನ ಯಾರೆದುರಾದರೂ ಹೇಳದೆ ಇರುತ್ತೀಯಾ? ದೂರದ ಮೇಜಿನಲ್ಲಿ ನಿನ್ನ ಬೆರಳು ಕಂಡಾಗಲೆಲ್ಲ ಬೇರೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡುತ್ತಿದ್ದೆ. ನಿಂಬೆಹಣ್ಣು ಹಾಕಿ ಉಜ್ಜಿದೆ, ಹೋಗಲಿಲ್ಲ. ರೈಲಿನಲ್ಲಿ ಕೂರಿಸುವಾಗ ಕೈಗವಸು ತೊಡಿಸಿದೆ. ಮಗುವಿಗೆ ಚಳಿಯಾಗದಿರಲಿ ಅಂತ ತೊಡಿಸುತ್ತಿದ್ದಾಳೆ ಎಂದುಕೊಂಡು ಪಕ್ಕದ ಹೆಂಗಸು ನನ್ನನ್ನು ನೋಡಿ ಕಣ್ಣೊರೆಸಿಕೊಂಡಳು.

ನಾನು ಸತ್ತೆನೆಂದು ನಿನಗೆ ಹೇಳಲು ಅತ್ತೆಗೆ ತಿಳಿಸಿದವಳೂ ನಾನೇ. ಅವರ ತಪ್ಪಿಲ್ಲ.

ನೀನು ಹೊಡೆದ ಆ ಮಗುವಿಗೆ ಅವಳದು ಏನೂ ತಪ್ಪಿಲ್ಲವೆಂದು ಹೇಳು. ನಾನು ನಿನಗೆ ಹೇಳದೇ ಹೋದದ್ದು ಅದನ್ನೇ.

ಸಾಲನ್ನು ಕಾಗದದ ಮೇಲೆ ಬರೆಯಲಾರೆ. ಮೊದಲ ಅರ್ಧದಲ್ಲಿ ಹೊರಗೆ ಇರುವವರ ಮಾತಿದೆ, ಅಷ್ಟು ಹೇಳಬಹುದು. ದೋಣಿಯವನ ಮೊಮ್ಮಗಳು ಬಿರುಗಾಳಿಯಲ್ಲಿ ಬಾಗಿಲು ತೆರೆದಿಟ್ಟು ಕಾದು, ಎಲ್ಲರೂ ಮನೆ ಸೇರಿದ ಮೇಲೆ ಅದನ್ನು ಹೇಳುತ್ತಾಳೆ. ಒಬ್ಬಳೇ ಪ್ರೇಕ್ಷಕಳಿದ್ದರೂ ಆಟ ಆಟವೇ. ನೀನು ಬಂದರೆ ಹೇಳುತ್ತೇನೆ. ಬಾ ಎಂದು ಕೇಳುವ ಮುಖ ನನಗಿಲ್ಲ.

ಲವೀನಿಯಾ


ಲ್ಯಾಂಬೆತ್,
1885 ಡಿಸೆಂಬರ್ 10

ಹೆಸ್ಟರಮ್ಮಾ,

ಡ್ಯಾಬ್ನಿ ಬರೀತಿರೋದು. ಅವಳಿಗೆ ಗೊತ್ತಿಲ್ಲ. ಹದಿನೆಂಟು ದಿನ ಆಯ್ತು, ನಿನ್ನಿಂದ ಒಂದಕ್ಷರ ಇಲ್ಲ. ಆ ಭಾನುವಾರದ ಕಾಗದದಲ್ಲಿ ಏನಿತ್ತೋ ನಂಗೆ ಗೊತ್ತಿಲ್ಲ, ಅಂಚೆಗೆ ಹಾಕಿದ್ದು ಮಾತ್ರ ನಾನೇ. ಹಾಕಬಾರದಾಗಿತ್ತೇನೋ. ಅವತ್ತಿಂದ ಊಟ ಅರ್ಧ ಆಗಿದೆ. ಮಾತಂತೂ ಇಲ್ಲವೇ ಇಲ್ಲ. ಸಾವಿರ ಜನರನ್ನ ಅಳಿಸಿದ ಗಂಟಲು ಅಂತ ಜಂಬ ಕೊಚ್ಚಿಕೊಳ್ತಿದ್ದವಳು, ಈಗ "ನೀರು" ಅಂತ ಕೇಳೋಕೂ ಕಣ್ಣಲ್ಲೇ ಕೇಳ್ತಾಳೆ.

ನಂಗೂ ಮಗಳಿದ್ಲು. ನಾವು ಜಗಳ ಆಡಿದ್ವಿ. ಅವಳು ಕಾಲರಾದಲ್ಲಿ ಹೋದ್ಲು. ಆಮೇಲೆ ಯಾರ ಜೊತೆ ಆಡ್ಲಿ ಜಗಳ? ಬಂದು ಬೈಯಮ್ಮ. ಬೈಯೋಕಾದ್ರೂ ಬಾ. ಬರೋದಿಲ್ಲ ಅಂದ್ರೆ ಬರೋದಿಲ್ಲ ಅಂತ ಬರಿ, ಓದಿ ಹೇಳ್ತೀನಿ.

ಮಾರ್ಥಾ ಡ್ಯಾಬ್ನಿ


ಲ್ಯಾಂಬೆತ್,
1885 ಡಿಸೆಂಬರ್ 20

ಪ್ರೀತಿಯ ಅಗಾಥಾ,

ಈ ಕಾಗದವನ್ನು ಮಿಸ್ ಥ್ವೇಟ್ ಮೊದಲು ಓದುತ್ತಾರೆ, ಆಮೇಲೆ ನಿನ್ನ ತಂದೆ ಓದುತ್ತಾರೆ. ಇಬ್ಬರೂ ಓದಲಿ. ಆದರೆ ಬರೆದಿರುವುದು ನಿನಗೆ.

ಅಕ್ಟೋಬರಿನಲ್ಲಿ ನಾನು ನಿನಗೆ ಹೊಡೆದಾಗ, "ನಾನು ತಪ್ಪು ಹೇಳಿದ್ನಾ ಮಿಸ್?" ಎಂದು ಕೇಳಿದ್ದೆ. ನಾನು ಉತ್ತರ ಕೊಡದೆ ಹೊರಟುಹೋದೆ. ಉತ್ತರ ಇದು: ಇಲ್ಲ. ನೀನು ಸರಿಯಾಗಿ ಹೇಳಿದ್ದೆ, ಚೆನ್ನಾಗಿಯೂ ಹೇಳಿದ್ದೆ. ತಪ್ಪು ನನ್ನದು.

ಕಾರಣವನ್ನೂ ನೀನು ತಿಳಿಯಬೇಕು. ನನ್ನ ತಾಯಿ ಹಡಗಿನಲ್ಲಿ ಸಾಯಲಿಲ್ಲ. ಅವರು ನಾಟಕದವರು. ನಾನೂ ನಿನಗಿಂತ ಚಿಕ್ಕವಳಾಗಿದ್ದಾಗ ನಾಟಕದಲ್ಲಿದ್ದೆ. ನಾಟಕದ ಕೊನೆಯ ಮಾತನ್ನು ತಾಲೀಮಿನಲ್ಲಿ ಹೇಳಿದರೆ ಕೇಡಾಗುತ್ತದೆಂದು ಅವರಲ್ಲಿ ಒಂದು ನಂಬಿಕೆ. ನಾನು ಹೇಳಿಬಿಟ್ಟೆ. ಮರುದಿನ ನಾನು ತುಂಬ ಪ್ರೀತಿಸುತ್ತಿದ್ದ ಒಬ್ಬಾಕೆ ಬೆಂಕಿಗೆ ಸಿಕ್ಕಿದಳು, ಮೂರನೆಯ ದಿನ ಸತ್ತಳು. ಅವಳ ಹೆಸರು ಕ್ಲೆಮೆಂಟೀನಾ ವೀಲ್. ಈಗ ಯಾರೂ ನೆನೆಯದ ಹೆಸರು, ನೀನಾದರೂ ಓದಲಿ ಎಂದು ಬರೆದಿದ್ದೇನೆ. ಅವಳು ಸತ್ತದ್ದಕ್ಕೆ ದೊಡ್ಡವರು ಮಾಡಿದ ತಪ್ಪುಗಳು ಕಾರಣ. ಆದರೆ ಅವರು ನನ್ನ ಮಾತನ್ನು ಕಾರಣ ಮಾಡಿದರು, ನಾನು ನಂಬಿದೆ. ನೀನು ಬೆಂಚಿನ ಮೇಲೆ ನಿಂತು ನಗುತ್ತ ಹೇಳಿದಾಗ ನನಗೆ ಕಂಡದ್ದು ನೀನಲ್ಲ. ಆದರೆ ಪೆಟ್ಟು ಬಿದ್ದದ್ದು ನಿನಗೆ.

ದೊಡ್ಡವರು ತಮ್ಮ ಭಯವನ್ನು ಹೊರಲಾರದೆ ಹತ್ತಿರದ ಮಗುವಿನ ಕೈಗೆ ಕೊಟ್ಟುಬಿಡುತ್ತಾರೆ. ನನಗೆ ಕೊಟ್ಟರು, ನಾನು ನಿನಗೆ ಕೊಡಹೋದೆ. ದಯವಿಟ್ಟು ಅದನ್ನು ಇಟ್ಟುಕೊಳ್ಳಬೇಡ. ನಿನ್ನ ಆಟದ ಕೊನೆಯ ಸಾಲನ್ನು ಇವತ್ತೇ ಮೆಟ್ಟಿಲ ಮೇಲೆ ನಿಂತು ಹತ್ತು ಸಲ ಜೋರಾಗಿ ಹೇಳು. ಏನೂ ಆಗುವುದಿಲ್ಲ.

ನಾನು ಶಾಲೆಗೆ ಮರಳಿ ಬರುವುದನ್ನು ಮಿಸ್ ಥ್ವೇಟ್ ತೀರ್ಮಾನಿಸಲಿ. ನಟಿಯ ಮಗಳನ್ನು ಇಟ್ಟುಕೊಳ್ಳುವುದು ಅವರಿಗೆ ಸುಲಭವಲ್ಲ, ಗೊತ್ತು. ನನ್ನ ಹೆಸರನ್ನು ಮಾತ್ರ ಇನ್ನು ಮುಂದೆ ಸರಿಯಾಗಿ ಬರೆಯುತ್ತೇನೆ.

ನಿನ್ನ ಕ್ಷಮೆ ಕೇಳುವ,
ಹೆಸ್ಟರ್ ಕ್ರೂಮ್

ಮತ್ತೆ: ನಿನ್ನ ಸ್ವಭಾವ ನನಗೆ ಗೊತ್ತು. "ಆಮೇಲೆ ನಿಮ್ಮ ಅಮ್ಮ ಸಿಕ್ಕಿದ್ರಾ?" ಎಂದು ಕೇಳದೆ ಬಿಡುವವಳಲ್ಲ ನೀನು. ಹೇಳುತ್ತೇನೆ.

ನಿನ್ನೆ ಮಧ್ಯಾಹ್ನ ಇಲ್ಲಿಗೆ ಬಂದೆ. ನನಗೆ ತಾಯಿಯ ಮೇಲೆ ಬಹಳ ಕೋಪವಿತ್ತು, ಇನ್ನೂ ಇದೆ. ಒಂದೇ ಒಂದು ವಾಕ್ಯ ಹೇಳಿ ಅದೇ ರೈಲಿಗೆ ಹಿಂದಿರುಗಬೇಕೆಂದು ಆ ವಾಕ್ಯವನ್ನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದೆ. ಮೂರು ಮಹಡಿ ಹತ್ತಿದೆ. ಮೆಟ್ಟಿಲ ಮೇಲೆಲ್ಲ ನದಿಯ ಗಾಳಿ. ಮೇಲಿನ ಕೋಣೆಯ ಬಾಗಿಲು ಹಾರುಹೊಡೆದಿತ್ತು, ಮುಚ್ಚದಂತೆ ಅದಕ್ಕೊಂದು ಇಸ್ತ್ರಿ ಪೆಟ್ಟಿಗೆ ಆನಿಸಿಟ್ಟಿತ್ತು. ಒಳಗೆ ನಮ್ಮಮ್ಮ ಕುರ್ಚಿಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಎರಡು ಶಾಲು ಹೊದ್ದಿದ್ದರೂ ನಡುಗುತ್ತಿದ್ದರು. ಮಡಿಲಲ್ಲಿ ಎರಡು ಕೈ, ನಾನು ಹೆಣೆದ ಕೈಗವಸಿನಲ್ಲಿ. ನನ್ನನ್ನು ಕಂಡರು. ಗುರುತು ಹಿಡಿದರು. ಬಾಯಿ ತೆರೆದರು. ತುಟಿ ಮಾತ್ರ ಅಲುಗಿತು: ಒಂದು, ಎರಡು, ಮೂರು. ಎಣಿಸುತ್ತಿದ್ದರು.

ನಾನು ಕಟ್ಟಿಕೊಂಡಿದ್ದ ವಾಕ್ಯ ನನಗೆ ನೆನಪಾಗಲಿಲ್ಲ. ಹೊಸ್ತಿಲ ಮೇಲೆ ನಿಂತೇ ಇದ್ದೆ. ಹಿಂದಿನಿಂದ ಎದುರು ಮನೆಯ ಹೆಂಗಸು, ದಪ್ಪ ತೋಳಿನವಳು, ಕಲ್ಲಿದ್ದಲ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೇಳಿದಳು:

"ಒಳಗೋ ಹೊರಗೋ, ಒಂದು ತೀರ್ಮಾನ ಮಾಡಮ್ಮ ತಾಯಿ. ನಾಲ್ಕು ವಾರದಿಂದ ಈ ಬಾಗಿಲು ಮುಚ್ಚೋಕೆ ಬಿಟ್ಟಿಲ್ಲ ನಿಮ್ಮಮ್ಮ, ಲ್ಯಾಂಬೆತ್ ಬೀದಿಗೆಲ್ಲ ನಾನು ಬೆಂಕಿ ಕಾಯಿಸ್ತಿದೀನಿ. ಹೊರಗೆ ಇನ್ನು ಯಾರೂ ಇಲ್ಲ ತಾನೆ? ಹಾಗಾದ್ರೆ ಬಾಗಿಲು ಹಾಕಿಬಿಡ್ಲಾ?"